ಮಕ್ಕಳಿಗೆ ವಿಡಿಯೊ ಎಡಿಟಿಂಗ್, ಜೊತೆಗೆ ಬಣ್ಣದ ಪಾಠ: ಮುಂಬೈ ಕನ್ನಡ ಶಾಲೆ, ಸಂಘಗಳಿಗೆ ಆರು ಶನಿವಾರಗಳ ಸಮಗ್ರ ಮಾರ್ಗದರ್ಶಿ

ಶಾಲೆಗಳಲ್ಲಿ, ಸಂಘಗಳ ರಜಾ ಶಿಬಿರಗಳಲ್ಲಿ ವಿಡಿಯೊ ಎಡಿಟಿಂಗ್ ಹೇಳಿಕೊಡುವಾಗ ಎರಡು ಪಾಠಗಳು ಬೇರೆ ಬೇರೆಯಾಗಿಯೇ ಉಳಿದುಬಿಡುತ್ತವೆ. ಒಂದು, ಸಾಫ್ಟ್‌ವೇರ್‌ನ ಬಟನ್‌ಗಳ ಪಾಠ. ಇನ್ನೊಂದು, ಕೆಂಪು ಅಂದರೆ ಕೋಪ, ಹಸಿರು ಅಂದರೆ ಶಾಂತಿ ಎಂಬ ಪಟ್ಟಿಯ ಪಾಠ. ಪಟ್ಟಿಯನ್ನು ಮಕ್ಕಳು ಚೆನ್ನಾಗಿ ಉರು ಹೊಡೆಯುತ್ತಾರೆ, ಆದರೆ ಚಿತ್ರ ಮಾಡಲು ಕೂತಾಗ ಅದು ಕೈಹಿಡಿಯುವುದಿಲ್ಲ. ಬಣ್ಣಕ್ಕೆ ಅರ್ಥ ಬರುವುದು ಪಕ್ಕದ ಬಣ್ಣದಿಂದ, ಹಿಂದುಮುಂದಿನ ಶಾಟ್‌ನಿಂದ, ನೋಡುವವರ ಮನೆಯ ರೂಢಿಯಿಂದ. ಶಾಟ್‌ಗೆ ಅರ್ಥ ಬರುವುದೂ ಹಾಗೆಯೇ. ಅದಕ್ಕೇ ಇಲ್ಲಿ ಎರಡನ್ನೂ ಒಂದೇ ಪಾಠವಾಗಿ ಹೆಣೆದಿದೆ.

ಇದು 8ರಿಂದ 10ನೇ ತರಗತಿಯ ಮಕ್ಕಳಿಗೆ. ವಾರಕ್ಕೆ ಒಂದು ಶನಿವಾರ, ಎರಡು ಗಂಟೆ, ಒಟ್ಟು ಆರು ವಾರ. 24 ಮಕ್ಕಳಿದ್ದರೆ ನಾಲ್ಕು ನಾಲ್ಕು ಜನರ ಆರು ಗುಂಪು ಮಾಡಿ. ಐದು ಜನರಾದರೆ ಒಬ್ಬರು ಬರೀ ನೋಡುತ್ತ ನಿಲ್ಲುತ್ತಾರೆ, ಹೆಚ್ಚಾಗಿ ಅದು ಮೆದು ಸ್ವಭಾವದ ಮಗುವೇ ಆಗಿರುತ್ತದೆ. ಕ್ಯಾಮೆರಾ, ಬೆಳಕು ಮತ್ತು ಶಬ್ದ, ಟಿಪ್ಪಣಿ ಪುಸ್ತಕ, ಮೌಸ್: ಈ ನಾಲ್ಕು ಕೆಲಸಗಳು ಪ್ರತಿ ವಾರ ಕೈ ಬದಲಾಗಬೇಕು. ಮೌಸ್ ಹಿಡಿದವರು ಆರು ವಾರವೂ ಅದನ್ನು ಬಿಡದಿದ್ದರೆ ಉಳಿದ ಮೂವರು ಎಡಿಟಿಂಗ್ ಕಲಿಯುವುದಿಲ್ಲ.

ಬೇಕಾಗುವ ಸಾಮಾನು

ಗುಂಪಿಗೊಂದು ಫೋನ್, ಒಂದು ಕಂಪ್ಯೂಟರ್, ಒಂದು ಸಣ್ಣ ಟ್ರೈಪಾಡ್. ಟ್ರೈಪಾಡ್ ಇಲ್ಲದಿದ್ದರೆ ನಾಲ್ಕು ಪುಸ್ತಕ ಮತ್ತು ರಬ್ಬರ್ ಬ್ಯಾಂಡ್‌ನಲ್ಲೂ ಕೆಲಸ ನಡೆಯುತ್ತದೆ. ಕಂಪ್ಯೂಟರ್‌ಗೆ 8 ಜಿಬಿ ರ್‍ಯಾಮ್ ಇದ್ದರೆ ಒಳ್ಳೆಯದು. 4 ಜಿಬಿ ಇರುವ ಹಳೆಯ ಯಂತ್ರದಲ್ಲಿ 1080ಪಿ (ಫುಲ್ ಎಚ್‌ಡಿ) ವಿಡಿಯೊ ತಡವರಿಸುತ್ತದೆ, ಅದಕ್ಕೆ ಪರಿಹಾರ ಮೂರನೇ ವಾರದಲ್ಲಿದೆ. ಗುಂಪಿಗೆ 32 ಜಿಬಿಯ ಒಂದು ಪೆನ್‌ಡ್ರೈವ್ ಇರಲಿ. 1080ಪಿ ವಿಡಿಯೊ ನಿಮಿಷಕ್ಕೆ ಸುಮಾರು 130 ಎಂಬಿ ಜಾಗ ತಿನ್ನುತ್ತದೆ, ಅಂದರೆ 20 ನಿಮಿಷದ ಚಿತ್ರೀಕರಣಕ್ಕೆ 2.6 ಜಿಬಿ.

ಸಾಫ್ಟ್‌ವೇರ್ ಶಾಟ್‌ಕಟ್ ಇರಲಿ. ಉಚಿತ, ವಾಟರ್‌ಮಾರ್ಕ್ ಇಲ್ಲ, ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಫೋನಿನಲ್ಲೇ ಎಡಿಟ್ ಮಾಡಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಮಾಡಿಸಬಹುದು, ಆದರೆ ಅಂಗೈಯಗಲದ ಪರದೆಯನ್ನು ನಾಲ್ವರು ಒಟ್ಟಿಗೆ ನೋಡಿ ಚರ್ಚೆ ಮಾಡಲಾಗದು, ಇಲ್ಲಿ ಪಾಠ ನಡೆಯುವುದೇ ಚರ್ಚೆಯಲ್ಲಿ.

ಇವುಗಳ ಜೊತೆ ಕರಕುಶಲ ಕಾಗದ: ಹಳದಿ, ನೀಲಿ, ಕೆಂಪು, ಹಸಿರು, ಕಪ್ಪು, ಬಿಳಿ, ಬೂದು. ಪ್ರತಿ ಗುಂಪಿಗೂ ಒಂದೊಂದು ಹಾಳೆ.

ಮೊದಲ ವಾರ: ಕಂಪ್ಯೂಟರ್ ಮುಚ್ಚಿಡಿ

ಬೂದು ಕಾಗದದಿಂದ 2 ಸೆಂಟಿಮೀಟರಿನ ಎರಡು ಚೌಕ ಕತ್ತರಿಸಲು ಹೇಳಿ. ಒಂದನ್ನು ಹಳದಿ ಹಾಳೆಯ ನಡುವೆ, ಇನ್ನೊಂದನ್ನು ನೀಲಿ ಹಾಳೆಯ ನಡುವೆ ಇಡಿಸಿ, ಒಂದು ಮೀಟರ್ ದೂರ ನಿಂತು ನೋಡಲಿ. ಹಳದಿಯ ಮೇಲಿನ ಚೌಕ ತುಸು ನೀಲಿಗೆ ವಾಲಿ ಗಾಢವಾಗಿ, ನೀಲಿಯ ಮೇಲಿನದು ತುಸು ಬೆಚ್ಚಗೆ, ತೆಳುವಾಗಿ ಕಾಣುತ್ತದೆ. ಎರಡೂ ಒಂದೇ ಕಾಗದದ ತುಂಡುಗಳು ಎಂದು ಅವರ ಕೈಗೆ ಗೊತ್ತು, ಕಣ್ಣು ಒಪ್ಪುವುದಿಲ್ಲ. ಪ್ಯಾರಿಸ್ಸಿನ ಗೊಬೆಲಾಂ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನವಿಜ್ಞಾನಿ ಶೆವ್ರಲ್ ಅವರ ಬಳಿ, ಕಪ್ಪು ನೂಲಿನ ಬಣ್ಣ ಮಂಕಾಗಿದೆ ಎಂಬ ದೂರು ಬಂದಿತ್ತು. ಬಣ್ಣ ಹಾಕಿದ್ದರಲ್ಲಿ ದೋಷವಿರಲಿಲ್ಲ, ಪಕ್ಕದ ನೂಲಿನ ಬಣ್ಣ ಹಾಗೆ ಕಾಣಿಸುತ್ತಿತ್ತು. ಇದರ ಮೇಲೆ ಅವರು ಬರೆದ ಗ್ರಂಥ ಪ್ರಕಟವಾದದ್ದು 1839ರಲ್ಲಿ. ಮಕ್ಕಳಿಗೆ ಇಷ್ಟು ಹೇಳಿದರೆ ಸಾಕು, ಬಣ್ಣಚಕ್ರದ ಚಿತ್ರ ಬರೆಸುವುದನ್ನು ಮುಂದಕ್ಕೆ ಹಾಕಬಹುದು.

ಮುಂದಿನ ಅರ್ಧ ಗಂಟೆ ಮಾತು. ಹಲಗೆಯ ಮೇಲೆ ಒಂದೊಂದೇ ಬಣ್ಣ ಬರೆದು, ಅದು ಎಲ್ಲೆಲ್ಲಿ ಕಾಣುತ್ತದೆ, ಅಲ್ಲಿ ಏನು ಹೇಳುತ್ತದೆ ಎಂದು ಕೇಳಿ. ಮುಂಬೈಯ ಕನ್ನಡ ಮಕ್ಕಳ ಹತ್ತಿರ ಇದಕ್ಕೆ ಸಾಮಗ್ರಿ ಧಾರಾಳವಾಗಿದೆ. ನೀಲಿ: ಡಿಸೆಂಬರ್ 6ರಂದು ದಾದರಿನ ಚೈತ್ಯಭೂಮಿಯ (ಅಂಬೇಡ್ಕರ್ ಸ್ಮಾರಕದ) ದಾರಿಯುದ್ದಕ್ಕೂ ಕಾಣುವ ಧ್ವಜ, ಮಳೆಗಾಲದಲ್ಲಿ ಛಾವಣಿಗಳಿಗೆ ಹೊದಿಸುವ ತಾಡಪತ್ರಿ. ಹಳದಿ: ಮದುವೆಯ ಅರಿಸಿನ, ಕನ್ನಡ ಬಾವುಟದಲ್ಲಿ ಕೆಂಪಿನ ಜೊತೆಗಾರ, ಕಾಲಿ-ಪೀಲಿ ಟ್ಯಾಕ್ಸಿಯ ಮಾಡು. ಹಸಿರು: ಮರಾಠಿ ಮದುಮಗಳ ಬಳೆ. ಬಿಳಿ: ಮಲ್ಲಿಗೆ, ಶಾಲೆಯ ಅಂಗಿ, ಸಾವಿನ ಮನೆಯ ಬಟ್ಟೆ. ಕೆಂಪು: ಕುಂಕುಮ, ಬೆಸ್ಟ್ ಬಸ್ಸು, ತಪ್ಪು ಲೆಕ್ಕದ ಮೇಲಿನ ಗೀಟು, ಯಕ್ಷಗಾನದ ಬಣ್ಣದ ವೇಷದ ಮುಖ. ದಕ್ಷಿಣ ಕನ್ನಡ, ಉಡುಪಿ ಕಡೆಯ ಮನೆಗಳ ಮಕ್ಕಳಿದ್ದರೆ ಚೌಕಿಯಲ್ಲಿ (ವೇಷ ಕಟ್ಟುವ ಜಾಗದಲ್ಲಿ) ಕಂಡದ್ದನ್ನು ಹೇಳಲು ಬಿಡಿ, ಅಕ್ಕಿಹಿಟ್ಟಿನ ಚುಟ್ಟಿ ಮುಖದ ಮೇಲೆ ಏರುತ್ತ ಏರುತ್ತ ಮನುಷ್ಯ ರಾಕ್ಷಸನಾಗುವುದನ್ನು ಅವರಷ್ಟು ಚೆನ್ನಾಗಿ ಯಾವ ಪುಸ್ತಕವೂ ಹೇಳದು.

ನವರಾತ್ರಿಯ ಉದಾಹರಣೆಯನ್ನು ಕೊನೆಗಿಟ್ಟುಕೊಳ್ಳಿ. ಒಂಬತ್ತು ದಿನ ಒಂದೊಂದು ಬಣ್ಣ ಎಂದು ಲೋಕಲ್ ರೈಲಿನ ಲೇಡೀಸ್ ಡಬ್ಬಿ ಪೂರ್ತಿ ಒಂದೇ ಬಣ್ಣ ಉಟ್ಟಿರುತ್ತದೆ, ವರ್ಷ ಬದಲಾದರೆ ಬಣ್ಣಗಳ ಸರದಿಯೂ ಬದಲು. ಅಂದು ಬೂದು ಸೀರೆ ಉಟ್ಟವರು ದುಃಖದಲ್ಲಿಲ್ಲ, ಎಲ್ಲರ ಜೊತೆಗಿದ್ದಾರೆ ಅಷ್ಟೆ. ಬಣ್ಣ ಏನು ಹೇಳುತ್ತದೆ ಎಂದು ಕೇಳುವ ಮೊದಲು ಎಲ್ಲಿ, ಯಾವಾಗ, ಯಾರ ಮೈಮೇಲೆ ಎಂದು ಕೇಳಬೇಕು ಎಂಬುದು ಇಲ್ಲಿ ತಾನಾಗಿ ತಿಳಿಯುತ್ತದೆ.

ಕೆಂಪು-ಹಸಿರು ಬೇರೆ ಬೇರೆಯಾಗಿ ಕಾಣದ ಮಗು ತರಗತಿಯಲ್ಲಿ ಇರಬಹುದು, ಹುಡುಗರಲ್ಲಿ ಇದು ಹೆಚ್ಚು. ಎಲ್ಲರೆದುರು ಪರೀಕ್ಷೆ ಮಾಡಬೇಡಿ. ಯಾವ ಅಭ್ಯಾಸದಲ್ಲೂ ಎರಡು ಬಣ್ಣಗಳ ನಡುವೆ ಕಡು-ತಿಳಿ ವ್ಯತ್ಯಾಸವೂ ಇರುವಂತೆ ನೋಡಿಕೊಂಡರೆ ಆ ಮಗುವೂ ಸರಿಸಮನಾಗಿ ಕೆಲಸ ಮಾಡುತ್ತದೆ. ಚಿತ್ರಕ್ಕೂ ಅದು ಒಳ್ಳೆಯದೇ.

ಎರಡನೇ ವಾರ: ಚಿತ್ರೀಕರಣ

ಕೆಟ್ಟದಾಗಿ ತೆಗೆದದ್ದನ್ನು ಎಡಿಟಿಂಗ್ ಟೇಬಲ್ ಉಳಿಸುವುದಿಲ್ಲ. ಫೋನ್ ಕೈಗೆ ಕೊಡುವ ಮೊದಲು ಈ ಸೆಟ್ಟಿಂಗ್‌ಗಳನ್ನು ಒಟ್ಟಿಗೆ ಮಾಡಿಸಿ. ಫೋನ್ ಅಡ್ಡ ಹಿಡಿಯುವುದು. 1080ಪಿ, ಸೆಕೆಂಡಿಗೆ 25 ಫ್ರೇಮ್ (ಬಿಡಿ ಚಿತ್ರ), ಯಾವುದಾದರೂ ಫೋನಿನಲ್ಲಿ 25 ಇಲ್ಲದಿದ್ದರೆ 30. ಎಲ್ಲ ಗುಂಪುಗಳಿಗೂ ಒಂದೇ ಇರಲಿ. ಬ್ಯೂಟಿ ಮೋಡ್ ಆಫ್. ಇದನ್ನು ಒತ್ತಿ ಹೇಳಬೇಕು: ಅನೇಕ ಫೋನ್‌ಗಳಲ್ಲಿ ಅದು ಮೊದಲಿನಿಂದಲೇ ಆನ್ ಇದ್ದು ಮುಖವನ್ನು ನುಣುಪು ಮಾಡಿ ಬೆಳ್ಳಗಾಗಿಸುತ್ತದೆ. ಬಣ್ಣದ ಪಾಠದ ತರಗತಿಯಲ್ಲಿ ಮಗುವಿನ ಮೈಬಣ್ಣವನ್ನು ಯಂತ್ರ ತಿದ್ದುವುದಕ್ಕೆ ಜಾಗವಿರಬಾರದು.

ಫೋನಿನ ಪರದೆಯಲ್ಲಿ ಮುಖ ಕಾಣುವ ಜಾಗದ ಮೇಲೆ ಬೆರಳು ಒತ್ತಿ ಹಿಡಿದರೆ ಫೋಕಸ್, ಎಕ್ಸ್‌ಪೋಶರ್ (ಚಿತ್ರದ ಬೆಳಕಿನ ಮಟ್ಟ) ಎರಡೂ ಲಾಕ್ ಆಗುತ್ತವೆ. ಲಾಕ್ ಮಾಡದಿದ್ದರೆ ಹಿಂದೆ ಯಾರಾದರೂ ಬಿಳಿ ಅಂಗಿಯವರು ಹಾದುಹೋದಾಗ ಇಡೀ ಚಿತ್ರ ಕತ್ತಲಾಗಿ ಮತ್ತೆ ಬೆಳಗುತ್ತದೆ. ಸೆಟ್ಟಿಂಗ್‌ಗಳನ್ನು ಕೈಯಾರೆ ಬದಲಿಸುವ ಪ್ರೊ ಮೋಡ್ ಇರುವ ಫೋನಿನಲ್ಲಿ ವೈಟ್ ಬ್ಯಾಲೆನ್ಸನ್ನೂ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸುವುದು) ಲಾಕ್ ಮಾಡಿ. ಟ್ಯೂಬ್‌ಲೈಟ್, ಎಲ್‌ಇಡಿ ಬೆಳಕಿನಲ್ಲಿ ಪರದೆಯ ಮೇಲೆ ಕಪ್ಪು ಪಟ್ಟಿ ಮೇಲಿಂದ ಕೆಳಗೆ ಜಾರುವುದು ಎಲ್ಲರಿಗೂ ಕಾಣುವ ತೊಂದರೆ. ನಮ್ಮ ವಿದ್ಯುತ್ 50 ಹರ್ಟ್ಜ್, ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ, ಕ್ಯಾಮೆರಾದ ಶಟರ್ ಅದಕ್ಕೆ ಹೊಂದದಿದ್ದಾಗ ಪಟ್ಟಿ ಬೀಳುತ್ತದೆ. ಶಟರನ್ನು 1/50 ಅಥವಾ 1/100 ಸೆಕೆಂಡಿಗೆ ಇಟ್ಟರೆ ಸರಿಹೋಗುತ್ತದೆ.

ಬೆಳಕಿನ ವಿಷಯದಲ್ಲಿ ಒಂದೇ ನಿಯಮ: ಎರಡು ಬಗೆಯ ಬೆಳಕನ್ನು ಬೆರೆಸಬೇಡಿ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಮಧ್ಯಾಹ್ನದ ಬಿಸಿಲು ಸುಮಾರು 5500 ಕೆಲ್ವಿನ್, ಹಳದಿ ಬಲ್ಬು 2700ರ ಹತ್ತಿರ. ಒಂದು ಕೆನ್ನೆಗೆ ಕಿಟಕಿ, ಇನ್ನೊಂದು ಕೆನ್ನೆಗೆ ಬಲ್ಬು ಬಿದ್ದರೆ ಒಂದು ನೀಲಿ, ಒಂದು ಕಿತ್ತಳೆ. ಯಾವ ಫಿಲ್ಟರ್ ಹಾಕಿದರೂ ಒಂದು ಕೆನ್ನೆ ಸರಿಯಾದಾಗ ಇನ್ನೊಂದು ಕೆಡುತ್ತದೆ. ದೀಪ ಆರಿಸಿ, ಮಗುವನ್ನು ಕಿಟಕಿಗೆ ಓರೆಯಾಗಿ ಕೂರಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡದ ಬೆಳಕು ತಣ್ಣಗೆ, ಸಪ್ಪೆಯಾಗಿ ಇರುತ್ತದೆ, ಅದನ್ನು ಆಮೇಲೆ ಸುಲಭವಾಗಿ ತಿದ್ದಬಹುದು. ಆದರೆ ನೀಲಿ ತಾಡಪತ್ರಿಯ ಅಡಿಯಲ್ಲಿ ತೆಗೆದ ಮುಖವನ್ನು ಪೂರ್ತಿ ತಿದ್ದಲಾಗದು, ಆ ಬೆಳಕಿನಲ್ಲಿ ಕೆಂಪು ತೀರಾ ಕಡಿಮೆ ಇರುತ್ತದೆ, ಇಲ್ಲದ್ದನ್ನು ಸಾಫ್ಟ್‌ವೇರ್ ಎಲ್ಲಿಂದ ತಂದೀತು! ಪತ್ರಾ ಛಾವಣಿಯ ಕೆಳಗೆ ಮಳೆ ಬರುವಾಗ ಮಾತು ರೆಕಾರ್ಡ್ ಮಾಡುವುದೂ ವ್ಯರ್ಥ.

ಅಭ್ಯಾಸಕ್ಕೆ ಒಂದು ಕೆಲಸವನ್ನು ಐದು ಶಾಟ್‌ಗಳಲ್ಲಿ ತೆಗೆಯಲಿ: ಕೈಗಳು ಮಾತ್ರ, ಮುಖ ಮಾತ್ರ, ದೂರದಿಂದ ಇಡೀ ಜಾಗ, ಭುಜದ ಹಿಂದಿನಿಂದ, ಮತ್ತೆ ಮಕ್ಕಳೇ ಹುಡುಕಿದ ಒಂದು ಕೋನ. ಪ್ರತಿ ಶಾಟ್ 10 ಸೆಕೆಂಡ್, ಫೋನ್ ಅಲುಗಾಡದಂತೆ. ಕೆಲಸ ಶುರುವಾಗುವ ಮೊದಲು ಮೂರು ಸೆಕೆಂಡ್, ಮುಗಿದ ಮೇಲೆ ಮೂರು ಸೆಕೆಂಡ್ ರೆಕಾರ್ಡಿಂಗ್ ನಡೆಯುತ್ತಿರಬೇಕು, ಕತ್ತರಿಸಲು ಜಾಗ ಸಿಗುವುದು ಅಲ್ಲಿಯೇ. ಝೂಮ್ ಬೇಡ, ಹತ್ತಿರ ಬೇಕಾದರೆ ನಡೆದು ಹೋಗಲಿ.

ಮಾಟುಂಗಾ ಮಾರುಕಟ್ಟೆಯ ಹೂವಿನ ಅಂಗಡಿಗಳು ಇದಕ್ಕೆ ಬಹಳ ಒಳ್ಳೆಯ ಜಾಗ. ಹೂ ಕಟ್ಟುವ ಮಾವಶಿಯನ್ನು ಮೊದಲು ಕೇಳಿ, ಬೆಳಗಿನ ವ್ಯಾಪಾರದ ಗಡಿಬಿಡಿ ಇಳಿದ ಮೇಲೆ ಹೋಗಿ. ಸೇವಂತಿಗೆಯ ಹಳದಿ, ಬಾಳೆನಾರು, ಓಡಾಡುವ ಬೆರಳು: ಐದು ಶಾಟ್ ಒಂದೇ ಜಾಗದಲ್ಲಿ ಸಿಗುತ್ತವೆ. ರೈಲ್ವೆ ಸ್ಟೇಷನ್‌ಗೆ ಕರೆದೊಯ್ಯಬೇಡಿ, ರೈಲ್ವೆ ಆವರಣದಲ್ಲಿ ಚಿತ್ರೀಕರಣಕ್ಕೆ ಅನುಮತಿ ಬೇಕು. ಮಕ್ಕಳ ಮುಖ ಕಾಣುವ ವಿಡಿಯೊಗೆ ತಂದೆತಾಯಿಯ ಒಪ್ಪಿಗೆಯನ್ನು ಮೊದಲ ವಾರವೇ ಬರವಣಿಗೆಯಲ್ಲಿ ಪಡೆದಿರಬೇಕು.

ಮೂರನೇ ವಾರ: ಫೋಲ್ಡರ್, ಕತ್ತರಿ, ಮತ್ತು ಕೆಂಪು

ಈ ವಾರ ಹಾಳಾಗುವುದು ಫೋಲ್ಡರ್‌ನಿಂದ. ಶಾಟ್‌ಕಟ್‌ನ ಪ್ರಾಜೆಕ್ಟ್ ಫೈಲಿನಲ್ಲಿ ವಿಡಿಯೊ ಇರುವುದಿಲ್ಲ, ವಿಡಿಯೊ ಎಲ್ಲಿದೆ ಎಂಬ ವಿಳಾಸ ಮಾತ್ರ ಇರುತ್ತದೆ. ಪೆನ್‌ಡ್ರೈವ್‌ನಿಂದ ನೇರವಾಗಿ ಎಳೆದು ಟೈಮ್‌ಲೈನಿಗೆ (ಶಾಟ್‌ಗಳನ್ನು ಸಾಲಾಗಿ ಜೋಡಿಸುವ ಪಟ್ಟಿಗೆ) ಹಾಕಿ, ಪೆನ್‌ಡ್ರೈವ್ ಕಿತ್ತು ಮನೆಗೆ ಹೋದರೆ ಮುಂದಿನ ಶನಿವಾರ ಎಲ್ಲ ಶಾಟ್‌ಗಳೂ ಕಾಣೆ. ಆದ್ದರಿಂದ ಗುಂಪಿನ ಹೆಸರಿನಲ್ಲಿ ಒಂದು ಫೋಲ್ಡರ್, ಅದರೊಳಗೆ ಚಿತ್ರ, ಶಬ್ದ, ಪ್ರಾಜೆಕ್ಟ್ ಎಂದು ಮೂರು. ಎಲ್ಲವನ್ನೂ ಮೊದಲು ಅಲ್ಲಿಗೆ ಕಾಪಿ ಮಾಡಿ, ಆಮೇಲೆಯೇ ಸಾಫ್ಟ್‌ವೇರ್ ತೆರೆಯುವುದು.

ಹೊಸ ಪ್ರಾಜೆಕ್ಟಿನಲ್ಲಿ ವಿಡಿಯೊ ಮೋಡನ್ನು 1080ಪಿ 25 (30ರಲ್ಲಿ ತೆಗೆದಿದ್ದರೆ 30) ಎಂದು ಆರಿಸಿ. ಫೋನ್‌ಗಳು ಹೆಚ್ಚಾಗಿ ಫ್ರೇಮ್ ವೇಗವನ್ನು ಹೆಚ್ಚುಕಡಿಮೆ ಮಾಡುತ್ತ ರೆಕಾರ್ಡ್ ಮಾಡುತ್ತವೆ. ಅಂಥ ಫೈಲ್ ತೆರೆದಾಗ ಶಾಟ್‌ಕಟ್ ತಾನೇ ಕೇಳುತ್ತದೆ, ಎಡಿಟಿಂಗಿಗೆ ಅನುಕೂಲವಾಗುವಂತೆ ಬದಲಿಸಲೇ ಎಂದು. ಹೂಂ ಅನ್ನಿ. ಬೇಡವೆಂದು ಮುಂದೆ ಹೋದರೆ ಮೂರು ನಿಮಿಷ ಕಳೆಯುವಷ್ಟರಲ್ಲಿ ತುಟಿ ಒಂದು ಕಡೆ, ಮಾತು ಒಂದು ಕಡೆ ಆಗಬಹುದು. ಕಂಪ್ಯೂಟರ್ ತಡವರಿಸಿದರೆ ಸೆಟ್ಟಿಂಗ್ಸ್ ಮೆನುವಿನಲ್ಲಿ ಪ್ರಾಕ್ಸಿ ಆನ್ ಮಾಡಿ. ಎಡಿಟ್ ಮಾಡುವಾಗ ಸಣ್ಣ ಗಾತ್ರದ ಪ್ರತಿ ಓಡುತ್ತದೆ, ಕೊನೆಗೆ ಎಕ್ಸ್‌ಪೋರ್ಟ್ ಮಾಡುವಾಗ, ಅಂದರೆ ಮುಗಿದ ಚಿತ್ರವನ್ನು ಒಂದೇ ವಿಡಿಯೊ ಫೈಲ್ ಮಾಡಿ ತೆಗೆಯುವಾಗ, ಅಸಲಿ ಫೈಲೇ ಬಳಕೆಯಾಗುತ್ತದೆ.

ಮೊದಲ ದಿನ ಕೀಗಳು ನಾಲ್ಕು ಸಾಕು. ಸ್ಪೇಸ್ ಒತ್ತಿದರೆ ಓಡು-ನಿಲ್ಲು, ಎಸ್ ಒತ್ತಿದರೆ ಪ್ಲೇಹೆಡ್ (ಟೈಮ್‌ಲೈನಿನ ಮೇಲೆ ಓಡುವ ಗೆರೆ) ಇರುವಲ್ಲಿ ತುಂಡು, ಎಕ್ಸ್ ಒತ್ತಿದರೆ ಆರಿಸಿದ ತುಂಡು ಹೋಗಿ ಜಾಗವೂ ಮುಚ್ಚುತ್ತದೆ, ಕಂಟ್ರೋಲ್-ಎಸ್ ಸೇವ್. ಝೆಡ್ ಒತ್ತಿದರೆ ತುಂಡು ಹೋಗಿ ಖಾಲಿ ಜಾಗ ಉಳಿಯುತ್ತದೆ, ಪರದೆ ಕಪ್ಪಾಗುವುದು ಅದರಿಂದ. ಒಂದು ಶಾಟ್‌ನಿಂದ ಇನ್ನೊಂದಕ್ಕೆ ದಾಟಿಸುವ ಅಲಂಕಾರಗಳಾದ ಟ್ರಾನ್ಸಿಷನ್‌ಗಳ ಹತ್ತಿರ ಈ ವಾರ ಹೋಗಬೇಡಿ. ನಕ್ಷತ್ರ, ಹೃದಯದ ಆಕಾರದ ಟ್ರಾನ್ಸಿಷನ್ ಕೈಗೆ ಸಿಕ್ಕ ಗುಂಪು ಎರಡು ಗಂಟೆ ಅದರಲ್ಲೇ ಕಳೆಯುತ್ತದೆ.

ಕತ್ತರಿಸುವುದು ಕೈಗೆ ಬಂದ ಮೇಲೆ ಈ ಅಭ್ಯಾಸ, ಇಡೀ ಪಾಠಕ್ರಮದ ಜೀವ ಇದರಲ್ಲಿದೆ. ರಷ್ಯಾದ ನಿರ್ದೇಶಕ ಲೆವ್ ಕುಲೆಶೋವ್ ಒಬ್ಬ ನಟನ ಒಂದೇ ಮುಖವನ್ನು ಸೂಪಿನ ಬಟ್ಟಲು, ಶವಪೆಟ್ಟಿಗೆ ಇಂಥ ಬೇರೆ ಬೇರೆ ಶಾಟ್‌ಗಳಿಗೆ ಜೋಡಿಸಿ ತೋರಿಸಿದ್ದು, ನೋಡಿದವರಿಗೆ ಅದೇ ಮುಖದಲ್ಲಿ ಹಸಿವು, ದುಃಖ ಬೇರೆ ಬೇರೆಯಾಗಿ ಕಂಡದ್ದು ಸಿನಿಮಾ ಪಾಠಗಳಲ್ಲಿ ಪ್ರಸಿದ್ಧ. ಅದನ್ನೇ ಬಣ್ಣ ಇಟ್ಟು ಮಾಡಿಸಿ. ಯಾವ ಭಾವವನ್ನೂ ತೋರದೆ ಎದುರು ನೋಡುವ ಒಂದು ಮುಖ, 4 ಸೆಕೆಂಡ್. ಆಮೇಲೆ ಕೆಂಪಿನ ಒಂದು ಶಾಟ್, 3 ಸೆಕೆಂಡ್. ಮತ್ತೆ ಅದೇ ಮುಖ, 4 ಸೆಕೆಂಡ್. ಮೂರು ಪ್ರತಿ ಮಾಡಿ ನಡುವಿನ ಶಾಟ್ ಮಾತ್ರ ಬದಲಿಸಿ: ಕುಂಕುಮದ ಭರಣಿ, ಸಿಗ್ನಲ್ ದೀಪ, ಉತ್ತರ ಪತ್ರಿಕೆಯ ಮೇಲಿನ ಕೆಂಪು ಅಂಕ.

ಬೇರೆ ಗುಂಪಿಗೆ ತೋರಿಸಿ, ಮುಖ ಏನು ಯೋಚಿಸುತ್ತಿದೆ ಎಂದು ಒಂದೊಂದು ಪದ ಬರೆಯಲಿ, ಆಮೇಲೆ ಚೀಟಿಗಳನ್ನು ಗಟ್ಟಿಯಾಗಿ ಓದಿ. ಒಂದೇ ಕೆಂಪಿಗೆ ಮೂರು ಗುಚ್ಛ ಪದಗಳು ಬರುತ್ತವೆ. ಒಂದೇ ಬಗೆಯ ಪದಗಳು ಬಂದರೆ ಸಾಮಾನ್ಯವಾಗಿ ಕಾರಣ ಎರಡು: ಮುಖ ನಗುತ್ತಿತ್ತು, ಇಲ್ಲವೇ ನಡುವಿನ ಶಾಟ್‌ನಲ್ಲಿ ಕೆಂಪು ಚೌಕಟ್ಟಿನ ಮೂಲೆಯಲ್ಲಿ ಸಣ್ಣದಾಗಿತ್ತು. ಮತ್ತೆ ತೆಗೆಸಿ.

ನಾಲ್ಕನೇ ವಾರ: ಶಬ್ದ ಮತ್ತು ಕನ್ನಡ ಅಕ್ಷರ

ಶಬ್ದದ ನಿಯಮ ಚಿಕ್ಕದು. ಪೀಕ್ ಮೀಟರಿನಲ್ಲಿ (ದನಿಯ ಮಟ್ಟ ತೋರಿಸುವ ಪಟ್ಟಿ) ಮಾತು ಮೈನಸ್ 12 ಡೆಸಿಬೆಲ್ ಆಸುಪಾಸು, ಯಾವುದೂ ಮೈನಸ್ 6 ದಾಟಬಾರದು. ಮಾತಿನ ಕೆಳಗಿನ ಸಂಗೀತ ಮೈನಸ್ 24ರ ಹತ್ತಿರ. ಸೊನ್ನೆ ಮುಟ್ಟಿ ಒಡೆದ ದನಿಯನ್ನು ಕಡಿಮೆ ಮಾಡಿದರೂ ಒಡಕು ಹೋಗುವುದಿಲ್ಲ. ಆಡಿಯೊ ಬೇರ್ಪಡಿಸಿ, ಮುಂದಿನ ದೃಶ್ಯದ ಶಬ್ದ ಅರ್ಧ ಸೆಕೆಂಡ್ ಮೊದಲೇ ಕೇಳುವಂತೆ ಎಳೆಯುವುದನ್ನು ಹೇಳಿಕೊಡಿ, ಕತ್ತರಿಯ ಗುರುತು ಮಾಯವಾಗುತ್ತದೆ. ಸಿನಿಮಾ ಹಾಡು ಬೇಡ, ಮಕ್ಕಳೇ ಬಾರಿಸಿದ ಹಾರ್ಮೋನಿಯಂ, ಚೆಂಡೆ, ಹಂಚಿನ ಮೇಲಿನ ಒಗ್ಗರಣೆ ಸಾಕು.

ಟೈಟಲ್‌ನಲ್ಲಿ ಹೆಚ್ಚು ಹೊತ್ತು ಹೋಗುತ್ತದೆ. ಶಾಲೆಯ ಕಂಪ್ಯೂಟರಿನಲ್ಲಿ ‘ನುಡಿ’ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ, ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿ ಅಂಟಿಸಿದರೆ ಪರದೆಯ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಫಾಂಟ್ ನೋಟೊ ಸಾನ್ಸ್ ಕನ್ನಡ ಇರಲಿ. ಯಾವುದೇ ಸಾಫ್ಟ್‌ವೇರನ್ನು ಒಪ್ಪುವ ಮೊದಲು ನಾಲ್ಕು ಪದ ಬರೆದು ನೋಡಿ: ಸ್ತ್ರೀ, ಸೂರ್ಯ, ರಾಷ್ಟ್ರ, ವೈಶಿಷ್ಟ್ಯ. ಒತ್ತಕ್ಷರ ಕೆಳಗೆ ಕೂರದೆ ಪಕ್ಕದಲ್ಲಿ ಬಿಡಿಬಿಡಿಯಾಗಿ ನಿಂತರೆ, ಅರ್ಕಾವತ್ತು ಮುಂದೆ ಬಂದರೆ, ಆ ಸಾಫ್ಟ್‌ವೇರ್ ಕನ್ನಡಕ್ಕೆ ಆಗದು. ಎರಡು ಸಾಲಿನ ಟೈಟಲ್‌ನಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತದ ಗುಡಿಸಿಗೆ ತಾಗುತ್ತದೆ. ಸಾಲುಗಳನ್ನು ಎರಡು ಬೇರೆ ಟೈಟಲ್ ಮಾಡಿ ಅಂತರ ಕೊಡಿ. ಗಟ್ಟಿಯಾಗಿ ಎರಡು ಸಲ ಓದುವಷ್ಟು ಹೊತ್ತು ಪರದೆಯ ಮೇಲಿರಲಿ. ಅಕ್ಷರದ ಬಣ್ಣವೂ ಪಾಠವೇ: ಕೆಂಪು ಹಿನ್ನೆಲೆಯ ಮೇಲೆ ನೀಲಿ ಅಕ್ಷರ ಕಣ್ಣಿಗೆ ಅದುರಿದಂತೆ ಕಾಣುತ್ತದೆ, ಕಪ್ಪಿನ ಮೇಲೆ ಹಳದಿ ದೂರದಿಂದಲೂ ಓದಬರುತ್ತದೆ. ಟ್ಯಾಕ್ಸಿಯನ್ನು ಗುಂಪಿನಲ್ಲಿ ಹುಡುಕುವ ಮಕ್ಕಳಿಗೆ ಇದು ಹೊಸದಲ್ಲ.

ಐದನೇ ವಾರ: ಮೊದಲು ತಿದ್ದು, ಆಮೇಲೆ ಬಣ್ಣ ಹಚ್ಚು

ತಿದ್ದುವುದೆಂದರೆ ಕಣ್ಣಿಗೆ ಕಂಡಂತೆ ಕಾಣಿಸುವುದು, ಎಲ್ಲ ಶಾಟ್‌ಗಳೂ ಒಂದೇ ಹೊತ್ತಿನಲ್ಲಿ ತೆಗೆದಂತೆ ಹೊಂದಿಸುವುದು. ಗ್ರೇಡಿಂಗ್ ಎಂದರೆ ಅದರ ಮೇಲೆ ಕಥೆಗೆ ಬೇಕಾದ ಭಾವ ತರುವುದು. ಮಕ್ಕಳು ಮೊದಲನೆಯದನ್ನು ಬಿಟ್ಟು ಎರಡನೆಯದಕ್ಕೆ ಹಾರುತ್ತಾರೆ. ಹಾಗಾದಾಗ ಒಂದು ಶಾಟ್ ಕಿತ್ತಳೆ, ಒಂದು ಹಸಿರು, ಮೇಲೆ ಎಲ್ಲದಕ್ಕೂ ಒಂದೇ ನೀಲಿ. ಯಾವ ಶಾಟೂ ಇನ್ನೊಂದಕ್ಕೆ ಹೊಂದುವುದಿಲ್ಲ.

ಶುರು ಮಾಡುವ ಮೊದಲು ಕಂಪ್ಯೂಟರಿನ ನೈಟ್ ಲೈಟ್ ಆಫ್ ಆಗಿದೆಯೇ ನೋಡಿ, ಅದು ಪರದೆಯನ್ನೇ ಹಳದಿ ಮಾಡಿರುತ್ತದೆ. ಹಳೆಯ ಮಾನಿಟರುಗಳಲ್ಲಿ ಓರೆಯಾಗಿ ಕೂತವರಿಗೆ ಬಣ್ಣವೇ ಬೇರೆ ಕಾಣುತ್ತದೆ, ಆದ್ದರಿಂದ ಬಣ್ಣದ ನಿರ್ಧಾರ ಮಾಡುವವರು ನೇರ ಎದುರಿಗೆ ಕೂರಲಿ, ಸರದಿಯಲ್ಲಿ.

ವೈಟ್ ಬ್ಯಾಲೆನ್ಸ್ ಫಿಲ್ಟರ್ ಹಾಕಿ, ಡ್ರಾಪರ್‌ನಿಂದ (ಬಣ್ಣ ಹೆಕ್ಕುವ ಗುಂಡಿ) ಚಿತ್ರದಲ್ಲಿ ಬಣ್ಣವಿಲ್ಲದ ಜಾಗ ಆರಿಸಬೇಕು. ಮಕ್ಕಳ ಕೈ ಹೋಗುವುದು ಯೂನಿಫಾರ್ಮಿನ ಬಿಳಿ ಅಂಗಿಗೆ. ಅದು ಬಿಳಿಯಲ್ಲ. ತೊಳೆದ ಮೇಲೆ ನೀಲಿ ಅದ್ದಿದ ಬಟ್ಟೆ ಅದು, ಕ್ಯಾಮೆರಾಗೆ ನೀಲಿಯೇ ಕಾಣುತ್ತದೆ. ಅದನ್ನು ಬಿಳಿ ಎಂದು ಸಾಫ್ಟ್‌ವೇರಿಗೆ ಹೇಳಿದರೆ ಅದು ನೀಲಿಯನ್ನು ಕಳೆಯುತ್ತದೆ, ಮುಖಗಳೆಲ್ಲ ಕಾಮಾಲೆ ಬಂದಂತೆ ಹಳದಿಯಾಗುತ್ತವೆ. ಚಿತ್ರೀಕರಣದ ದಿನ ಪ್ರತಿ ಜಾಗದಲ್ಲೂ ಮೊದಲ ಮೂರು ಸೆಕೆಂಡ್ ಗ್ರೇ ಕಾರ್ಡ್ (ಬಣ್ಣ ಅಳೆಯಲೆಂದೇ ಇರುವ ಅಪ್ಪಟ ಬೂದು ರಟ್ಟು) ಹಿಡಿದು ತೆಗೆದಿದ್ದರೆ ಈ ತೊಂದರೆಯೇ ಇಲ್ಲ. ಕಾರ್ಡ್ ಇಲ್ಲದಾಗ ಒಳಾಂಗಣದಲ್ಲಿ ಎ4 ಹಾಳೆ ನಡೆಯುತ್ತದೆ, ಬಿಸಿಲಿನಲ್ಲಿ ಅದೂ ತುಸು ನೀಲಿಗೆ ವಾಲುತ್ತದೆ. ಒಂದು ಶಾಟ್ ಸರಿಯಾದ ಮೇಲೆ ಫಿಲ್ಟರನ್ನು ಕಾಪಿ ಮಾಡಿ, ಅದೇ ಜಾಗದ ಉಳಿದ ಶಾಟ್‌ಗಳಿಗೆ ಪೇಸ್ಟ್ ಮಾಡಿ.

ಆಮೇಲೆ ಮೈಬಣ್ಣ. ವ್ಯೂ ಮೆನುವಿನ ಸ್ಕೋಪ್‌ಗಳಲ್ಲಿ ವಿಡಿಯೊ ವೆಕ್ಟರ್ (ಚಿತ್ರದ ಬಣ್ಣಗಳನ್ನು ಚಕ್ರದ ಮೇಲೆ ಚುಕ್ಕೆಗಳಾಗಿ ತೋರಿಸುವ ನಕ್ಷೆ) ತೆರೆಯಿರಿ, ಕ್ರಾಪ್ ಫಿಲ್ಟರ್ ಹಾಕಿ ಕೆನ್ನೆ ಮಾತ್ರ ಉಳಿಸಿ. ಚುಕ್ಕೆಗಳ ಗುಂಪು ಕೆಂಪು ಮತ್ತು ಹಳದಿಯ ನಡುವೆ ಒಂದು ಗೆರೆಯಂತೆ ಚಾಚಿರುತ್ತದೆ. ತರಗತಿಯ ಅತಿ ಕಪ್ಪು ಮಗು, ಅತಿ ಬಿಳಿ ಮಗು ಇಬ್ಬರ ಕೆನ್ನೆಯನ್ನೂ ಹೀಗೆ ನೋಡಿ ಎಂದು ಬೆರಳು ಮಾಡಿ ತೋರಿಸಬೇಡಿ. ಗುಂಪಿನ ನಾಲ್ವರೂ ತಮ್ಮ ತಮ್ಮ ಕೆನ್ನೆ ನೋಡಲಿ. ಎಲ್ಲರ ಗೆರೆಯೂ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ. ವ್ಯತ್ಯಾಸ ಇರುವುದು ಕಡು-ತಿಳಿಯಲ್ಲಿ, ಬಣ್ಣದ ಜಾತಿಯಲ್ಲಲ್ಲ. ಗೆರೆ ಹಸಿರಿನ ಕಡೆ ವಾಲಿದ್ದರೆ ಟ್ಯೂಬ್‌ಲೈಟಿನ ಪ್ರಭಾವ, ಅದನ್ನು ಮಾತ್ರ ತಿದ್ದಿ. ಮುಖ ಬೆಳ್ಳಗಾಗಲೆಂದು ಬ್ರೈಟ್‌ನೆಸ್ ಏರಿಸುವ ಚಾಳಿ ಮಕ್ಕಳಲ್ಲಿದೆ. ಏರಿಸಿದಾಗ ಕೆನ್ನೆಯ ಉಬ್ಬುತಗ್ಗು ಅಳಿಸಿಹೋಗಿ ಮುಖ ಚಪ್ಪಟೆಯಾಗುವುದನ್ನು ತೋರಿಸಿ, ಅಲ್ಲಿಗೆ ನಿಲ್ಲುತ್ತದೆ. ನೋಡಿದ ಮೇಲೆ ಕ್ರಾಪ್ ತೆಗೆಯಲು ಮರೆಯಬೇಡಿ.

ಗ್ರೇಡಿಂಗಿಗೆ ಕಲರ್ ಗ್ರೇಡಿಂಗ್ ಫಿಲ್ಟರಿನ ಮೂರು ಚಕ್ರಗಳಿವೆ: ನೆರಳು, ನಡುಬೆಳಕು, ಬೆಳಕು. ನೆರಳಿಗೆ ತುಸು ನೀಲಿ, ಬೆಳಕಿಗೆ ತುಸು ಹಳದಿ ಕೊಟ್ಟು ನೋಡಲಿ. ತುಸು ಅಂದರೆ ಫಿಲ್ಟರ್ ಆಫ್ ಮಾಡಿದಾಗ ಮಾತ್ರ ವ್ಯತ್ಯಾಸ ತಿಳಿಯುವಷ್ಟು. ಸ್ಯಾಚುರೇಷನ್ (ಬಣ್ಣದ ಗಾಢತೆ) 100ರಲ್ಲಿ ಶುರುವಾಗುತ್ತದೆ, 80ರಿಂದ 115ರ ಒಳಗಿರಲಿ. 150ಕ್ಕೆ ಏರಿಸಿದ ಚಿತ್ರದಲ್ಲಿ ಕೆಂಪು ಸೀರೆಯ ನೆರಿಗೆಗಳೇ ಕಾಣುವುದಿಲ್ಲ, ಬರೀ ಕೆಂಪು ಮುದ್ದೆ.

ಆರನೇ ವಾರ: ಒಂದು ಬಣ್ಣ, ಒಂದು ನಿಮಿಷ

ಪ್ರತಿ ಗುಂಪೂ ಒಂದು ಬಣ್ಣ ಆರಿಸಿ 60 ಸೆಕೆಂಡಿನ ಚಿತ್ರ ಮುಗಿಸಬೇಕು. ಕಥೆ, ಚಿತ್ರೀಕರಣ ನಾಲ್ಕು, ಐದನೇ ವಾರದ ಮನೆಗೆಲಸವಾಗಿ ಆಗಿರಬೇಕು. ಷರತ್ತು ಒಂದೇ: ಆ ಬಣ್ಣ ಮೂರು ಸಲ ಬರಬೇಕು, ಮೂರನೇ ಸಲ ಮೊದಲಿನ ಅರ್ಥ ತಿರುಗಬೇಕು. ಬಿಳಿ ಆರಿಸಿದ ಗುಂಪು ಹೀಗೆ ಹೆಣೆಯಬಹುದು: ಅಜ್ಜಿ ಕಟ್ಟುವ ಮಲ್ಲಿಗೆ, ತಂತಿಯ ಮೇಲೆ ಒಣಗುವ ಬಿಳಿ ಸೀರೆ, ಕೊನೆಗೆ ಪೆಟ್ಟಿಗೆಯ ತಳದಿಂದ ಮೊಮ್ಮಗಳು ತೆಗೆಯುವ ಅಜ್ಜಿಯ ಹಳೆಯ ಕೆಂಪು ಸೀರೆಯ ಮಡಿಕೆಯಲ್ಲಿ, ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟ ಒಣಗಿದ ಮಲ್ಲಿಗೆ. ಉಳಿದ ಚೌಕಟ್ಟಿನಲ್ಲಿ ಆ ಬಣ್ಣ ಬೇರೆಲ್ಲೂ ಇರದಂತೆ ಬಟ್ಟೆ, ಗೋಡೆ, ಬಕೆಟ್ಟು ಎಲ್ಲ ನೋಡಿಕೊಳ್ಳಬೇಕು. ಗ್ರೇಡಿಂಗಿಗಿಂತ ಈ ಬಕೆಟ್ ಸರಿಸುವ ಕೆಲಸ ದೊಡ್ಡದು.

ಅಂಕ ಕೊಡುವುದಾದರೆ 20ಕ್ಕೆ: ಕತ್ತರಿ 6, ಬಣ್ಣದ ತಿರುವು 6, ಶಬ್ದ 4, ಟೈಟಲ್ 2, ಫೋಲ್ಡರ್ ಶಿಸ್ತು 2. ಫಿಲ್ಟರ್‌ಗಳ ಸಂಖ್ಯೆಗೆ ಅಂಕವಿಲ್ಲ ಎಂದು ಮೊದಲೇ ಹೇಳಿ.

ಎಕ್ಸ್‌ಪೋರ್ಟ್ ಎಂಪಿ4, ಎಚ್.264, 1080ಪಿ, 25 ಫ್ರೇಮ್ (30ರಲ್ಲಿ ತೆಗೆದಿದ್ದರೆ 30), 10 ಎಂಬಿಪಿಎಸ್. ಒಂದು ನಿಮಿಷಕ್ಕೆ ಸುಮಾರು 75 ಎಂಬಿ ಆಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ವಿಡಿಯೊ ಆಗಿ ಕಳಿಸಿದರೆ ಅದು ಹಿಂಡಿ ಸಣ್ಣದು ಮಾಡುತ್ತದೆ, ನೆರಳಿನ ಜಾಗದಲ್ಲಿ ಚೌಕ ಚೌಕ ಕಲೆ ಬೀಳುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಪ್ರದರ್ಶನದ ಹಿಂದಿನ ದಿನವೇ ಸಂಘದ ಸಭಾಂಗಣದ ಪ್ರೊಜೆಕ್ಟರಿನಲ್ಲಿ ಓಡಿಸಿ ನೋಡಿ. ಕಿಟಕಿಗೆ ಪರದೆ ಇಲ್ಲದ ಹಾಲ್‌ನಲ್ಲಿ ನೆರಳೆಲ್ಲ ಬೂದಿಯಾಗುತ್ತದೆ, ಅಂಥ ಕಡೆ ಸಂಜೆ ಏಳರ ನಂತರವೇ ತೋರಿಸಿ, ಇಲ್ಲವೇ ದೊಡ್ಡ ಟಿವಿ ತನ್ನಿ. ಟಿವಿಯಾದರೆ ಪಿಕ್ಚರ್ ಮೋಡನ್ನು ವಿವಿಡ್‌ನಿಂದ ಸಿನಿಮಾ ಅಥವಾ ಸ್ಟ್ಯಾಂಡರ್ಡ್‌ಗೆ ಬದಲಿಸಿ, ಆರು ವಾರ ತೂಗಿ ಇಟ್ಟ ಬಣ್ಣವನ್ನು ವಿವಿಡ್ ಒಂದೇ ಏಟಿಗೆ ಕೆಡಿಸುತ್ತದೆ.

ಒಂದು ದಿನ ಹೆಚ್ಚಿಗೆ ಸಿಕ್ಕರೆ ಪೆಡ್ಡರ್ ರಸ್ತೆಯ ಹಿಂದಿನ ಫಿಲಂಸ್ ಡಿವಿಷನ್ (ಕೇಂದ್ರ ಸರ್ಕಾರದ ಸಾಕ್ಷ್ಯಚಿತ್ರ ಸಂಸ್ಥೆ) ಆವರಣದಲ್ಲಿರುವ, 2019ರಲ್ಲಿ ಉದ್ಘಾಟನೆಯಾದ ರಾಷ್ಟ್ರೀಯ ಸಿನಿಮಾ ಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದೊಯ್ಯಿರಿ. ಮೂರನೇ ವಾರ ಮುಗಿದ ಮೇಲೆ ಹೋಗುವುದು ಒಳ್ಳೆಯದು, ಆಗ ಹಳೆಯ ಯಂತ್ರಗಳ ಮುಂದೆ ನಿಂತು ಕೇಳಲು ಅವರ ಹತ್ತಿರ ಪ್ರಶ್ನೆಗಳಿರುತ್ತವೆ.